ಸಂದುದನ್ನು ಅಳಿಸಬಹುದೆ?

ಒಮ್ಮೆ ಆಗಿಹೋದುದನ್ನು ಆಗದಿದ್ದಂತೆ ಮಾಡುವ ಶಕ್ತಿ ಯಾರಿಗಾದರೂ ಉಂಟೆ? ಮನುಷ್ಯನಿಗೆ ಅದು ಇಲ್ಲವೆಂಬುದು ವಿವಾದಕ್ಕೆ ಎಡೆಯಿಲ್ಲದ ಸಂಗತಿ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡೆನೆಂದು ಸಭೆಯಲ್ಲಿ ಸಾರುವವನೂ ಆ ಮಾತು ತನ್ನ ಬಾಯಿಂದ ಹೊರಟಿತ್ತೆಂಬ ವಾಸ್ತವವನ್ನು ಹಿಂದಕ್ಕೆ ತೆಗೆದುಕೊಳ್ಳಲಾರನು. ಆದರೆ ದೇವರಿಗೆ? ಸರ್ವಶಕ್ತನೆಂದು ಮತಗಳು ಕೊಂಡಾಡುವ ಪರಮೇಶ್ವರನಿಗೆ ನಿನ್ನೆಯ ದಿನದ ಮೇಲೆ ಅಧಿಕಾರವುಂಟೋ ಇಲ್ಲವೋ? ಉಂಟೆಂದರೆ, ನಡೆದುದಕ್ಕೂ ನಡೆಯದುದಕ್ಕೂ ಭೇದವುಳಿಯದೆ ಸತ್ಯವೆಂಬುದೇ ನೆಲೆ ತಪ್ಪುವುದು. ಇಲ್ಲವೆಂದರೆ, ಸರ್ವಶಕ್ತಿಗೆ ಒಂದು ಮೇರೆಯನ್ನು ಗೊತ್ತುಮಾಡಿದಂತಾಗುವುದು. ಮಾಡಿದ ಪಾಪ ಅಳಿಯುವುದೆ ಎಂದು ಪಶ್ಚಾತ್ತಾಪದಿಂದ ಬೆಂದವನು ಕೇಳುವುದೂ, ಗಳಿಸಿದ ಕೀರ್ತಿ ಉಳಿಯುವುದೆ ಎಂದು ಮುಪ್ಪಡಸಿದವನು ಕೇಳುವುದೂ ಈ ಒಂದೇ ಪ್ರಶ್ನೆಯನ್ನು.

ಇಂಥ ಪ್ರಶ್ನೆಯನ್ನು ಕೈಗೆತ್ತಿಕೊಂಡವನು ಉಪನಿಷತ್ತುಗಳ ಭಾಷ್ಯವನ್ನೋ ಕ್ರೈಸ್ತ ಆಚಾರ್ಯರ ಗ್ರಂಥಗಳನ್ನೋ ತೆರೆಯುವನೆಂದು ವಾಚಕರು ನಿರೀಕ್ಷಿಸುವುದು ಸಹಜ. ಅವುಗಳ ಸಹಾಯವಿಲ್ಲದೆ ನಮ್ಮ ವಿಚಾರ ಮುಂದುವರಿಯುವಂತೆಯೂ ಇಲ್ಲ. ಆದರೆ ಅದಕ್ಕೆ ಮೊದಲು ಇಟಲಿ ದೇಶದ ಕಾಲ್ಚೆಂಡಾಟದ ದಾಖಲೆಗಳನ್ನು ಒಮ್ಮೆ ಪರಿಶೀಲಿಸುವುದು ಲೇಸೆಂದು ನನಗೆ ತೋರುತ್ತದೆ. ಏಕೆಂದರೆ ಆ ನಾಡಿನಲ್ಲಿ ಹನ್ನೊಂದನೆಯ ಶತಮಾನದಲ್ಲಿ ಸಂನ್ಯಾಸಿಗಳ ಊಟದ ಪಂಕ್ತಿಯಲ್ಲಿ ಹುಟ್ಟಿದ ಇದೇ ಚರ್ಚೆ, ಒಂಬೈನೂರಕ್ಕೂ ಮಿಕ್ಕ ವರ್ಷಗಳ ಮೇಲೆ, ಆಟದ ಬಯಲಿನಲ್ಲಿ ಹೊಸ ವೇಷದಿಂದ ಮತ್ತೆ ತಲೆದೋರಿದೆ.

ಇಟಲಿಯ ಅತ್ಯುನ್ನತ ಲೀಗಾದ ಸೀರಿ ಎ ಯಲ್ಲಿ ಚಾಂಪಿಯನ್ ಪಟ್ಟ ಪಡೆದ ತಂಡವು ಮರುವರ್ಷ ತನ್ನ ಅಂಗಿಯ ಎದೆಯ ಮೇಲೆ ರಾಷ್ಟ್ರಧ್ವಜದ ಮೂರು ಬಣ್ಣಗಳುಳ್ಳ ಪುಟ್ಟ ಗುರಾಣಿಯ ಲಾಂಛನವೊಂದನ್ನು ಧರಿಸುವುದು ಅಲ್ಲಿಯ ಪದ್ಧತಿ. ಸ್ಕುದೆತ್ತೊ ಎಂಬುದು ಅದರ ಹೆಸರು. ಹತ್ತು ಸ್ಕುದೆತ್ತೊಗಳನ್ನು ಗೆದ್ದ ಕ್ಲಬ್ಬು ಲಾಂಛನದೊಡನೆ ಒಂದು ನಕ್ಷತ್ರವನ್ನೂ ಧರಿಸಬಹುದು. 1958ರಲ್ಲಿ ಈ ನಕ್ಷತ್ರವನ್ನು ಮೊತ್ತಮೊದಲು ಧರಿಸಿದ್ದು ಟ್ಯೂರಿನ್ ನಗರದ ಯುವೆಂಟಸ್. ಈ ಕ್ಲಬ್ಬು ಇದುವರೆಗೆ ಗೆದ್ದ ಪಟ್ಟಗಳೆಷ್ಟು ಎಂದು ಇಟಲಿಯ ಫುಟ್‌ಬಾಲ್ ಫೆಡರೇಷನ್ನನ್ನು ಕೇಳಿದರೆ 36 ಎಂಬ ಉತ್ತರ ಬರುವುದು. ಕ್ಲಬ್ಬನ್ನೇ ಕೇಳಿದರೆ 38 ಎಂಬ ಉತ್ತರ ಬರುವುದು. ಕೂಡುವ ಕಳೆಯುವ ತಪ್ಪಿನಿಂದ ಹುಟ್ಟಿದ ಅಂತರ ಇದಲ್ಲ. 2004–05 ಮತ್ತು 2005–06ರ ಎರಡು ಋತುಗಳಲ್ಲಿ ಯುವೆಂಟಸ್ ಪಟ್ಟಿಯ ಅಗ್ರಸ್ಥಾನದಲ್ಲಿ ನಿಂತಿತ್ತು; 2006ರಲ್ಲಿ, ಅದರ ಆಡಳಿತಗಾರರು ರೆಫರಿಗಳ ನೇಮಕಕ್ಕೆ ಸಂಬಂಧಿಸಿದವರೊಡನೆ ನಡೆಸಿದ ದೂರವಾಣಿ ಸಂಭಾಷಣೆಗಳು ಬಯಲಾಗಿ, ಕ್ರೀಡಾ ನ್ಯಾಯಮಂಡಲಿಯು ಎರಡೂ ಪಟ್ಟಗಳನ್ನು ಕಿತ್ತುಕೊಂಡು, ಕ್ಲಬ್ಬನ್ನು ಎರಡನೆಯ ದರ್ಜೆಯ ಸೀರಿ ಬಿ ಗೆ ತಳ್ಳಿತು. ಮೊದಲನೆಯ ಪಟ್ಟ ಯಾರಿಗೂ ಸಲ್ಲದೆ ಬರಿದಾಗಿ ಉಳಿಯಿತು. ಎರಡನೆಯದು ಮಿಲಾನ್ ನಗರದ ಇಂಟರ್ ಕ್ಲಬ್ಬಿಗೆ ಸಂದಿತು. ಆರು ವರ್ಷಗಳ ಮೇಲೆ ಯುವೆಂಟಸ್ ಮತ್ತೆ ಚಾಂಪಿಯನ್ ಆದಾಗ, ಅದು ಇಪ್ಪತ್ತೆಂಟನೆಯ ಪಟ್ಟವೆಂದು ಫೆಡರೇಷನ್ ಬರೆದುಕೊಂಡರೆ, ಮೈದಾನದಲ್ಲಿ ಗೆದ್ದದ್ದು ಮೂವತ್ತು ಎಂಬ ಅರ್ಥದ ಮಾತನ್ನು ಕ್ಲಬ್ಬು ತನ್ನ ಅಂಗಿಯ ಮೇಲೆಯೇ ಅಚ್ಚುಹಾಕಿಸಿತು.

ಅಭಿಮಾನಿಗಳ ಹಟವೆಂದು ಇದನ್ನು ತಳ್ಳಿಬಿಡುವುದು ಸುಲಭ. ಆದರೆ ಆ ಅಂಗಿಯ ಮೇಲಿನ ಮಾತು, ಅದನ್ನು ತೊಟ್ಟವರಿಗೆ ತಿಳಿದಿತ್ತೋ ಇಲ್ಲವೋ, ಶುದ್ಧ ತತ್ತ್ವಶಾಸ್ತ್ರದ ಮಾತು. ಬಯಲಿನಲ್ಲಿ ನಡೆದುದು ನಡೆದುದೇ, ಕಚೇರಿಯ ಲೇಖನಿಗೆ ಅದರ ಮೇಲೆ ಅಧಿಕಾರವಿಲ್ಲ ಎಂಬುದು ಒಂದು ಪಕ್ಷ. ನಡೆದುದು ನಿಜ, ಆದರೆ ಧರ್ಮಬಾಹಿರವಾದ ಪ್ರಭಾವದ ನೆರಳಿನಲ್ಲಿ ನಡೆದುದು ಜಯವೆಂಬ ಹೆಸರಿಗೇ ಅರ್ಹವಲ್ಲ ಎಂಬುದು ಪ್ರತಿಪಕ್ಷ. ಎರಡಕ್ಕೂ ತೂಕವುಂಟು, ಎರಡನ್ನೂ ಸಾವಧಾನವಾಗಿ ವಿಚಾರಿಸತಕ್ಕದ್ದಾಗಿದೆ.

ದಾಖಲೆಯೆಂಬುದರ ಸ್ವರೂಪವೇನೆಂಬುದನ್ನು ಮೊದಲು ನಿಷ್ಕರ್ಷಿಸೋಣ. ಸೀರಿ ಎ ಯಲ್ಲಿ ಅತ್ಯಧಿಕ ಗೋಲುಗಳನ್ನು ಹೊಡೆದ ಕೀರ್ತಿ ಸಿಲ್ವಿಯೊ ಪಿಯೋಲನದು. ಪ್ರೊ ವೆರ್ಚೆಲ್ಲಿ, ಲಾಜಿಯೊ, ಯುವೆಂಟಸ್, ನೊವಾರ ಎಂಬ ನಾಲ್ಕು ಕ್ಲಬ್ಬುಗಳ ಪರವಾಗಿ ಆಡಿ, ನಲವತ್ತರ ವಯಸ್ಸಿನವರೆಗೂ ಬಯಲನ್ನು ಬಿಡದೆ, ಆತನು ಕೂಡಿಸಿದ ಮೊತ್ತ 274. ಆತನ ತರುವಾಯದ ಸ್ಥಾನದಲ್ಲಿ, ಇಪ್ಪತ್ತೈದು ಋತುಗಳನ್ನು ರೋಮಾ ಒಂದೇ ಕ್ಲಬ್ಬಿನಲ್ಲಿ ಕಳೆದ ಫ್ರಾಂಚೆಸ್ಕೊ ಟೊಟ್ಟಿ 250 ಗೋಲುಗಳೊಡನೆ ನಿಂತಿದ್ದಾನೆ. ಆದರೆ ಪಿಯೋಲನ ಮೊತ್ತ 290 ಎಂದು ಹೇಳುವವರೂ ಉಂಟು, ಅವರೂ ಸುಳ್ಳಾಡುವವರಲ್ಲ. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, ಮುರಿದ ಸೇತುವೆಗಳ ಆ ದೇಶದಲ್ಲಿ ಉತ್ತರ ದಕ್ಷಿಣಗಳ ತಂಡಗಳನ್ನು ಒಂದೇ ಲೀಗಿನಲ್ಲಿ ಆಡಿಸುವುದು ದುಸ್ಸಾಧ್ಯವಾಗಿದ್ದುದರಿಂದ, 1945–46ರ ಸ್ಪರ್ಧೆ ಎರಡು ಗುಂಪುಗಳಾಗಿ ನಡೆಯಿತು. ಅದರಲ್ಲಿ ಪಿಯೋಲ ಹೊಡೆದ 16 ಗೋಲುಗಳು ಸೀರಿ ಎ ಯ ಲೆಕ್ಕಕ್ಕೆ ಸೇರಲಿಲ್ಲ. ವಿಚಿತ್ರವೆಂದರೆ, ಅದೇ ವರ್ಷ ಟೊರಿನೊ ತಂಡ ಪಡೆದ ಚಾಂಪಿಯನ್ ಪಟ್ಟ ಮಾತ್ರ ಪೂರ್ಣವಾಗಿ ಲೆಕ್ಕಕ್ಕೆ ಸೇರಿತು. ಒಂದೇ ಋತುವಿನ ಪಟ್ಟ ಸಿಂಧು, ಗೋಲು ಅಸಿಂಧು!

ಇಂತಹ ಉದಾಹರಣೆಗಳು ಇನ್ನೂ ಉಂಟು. 1898ರ ಮೇ 8ರಂದು ಟ್ಯೂರಿನ್ನಿನಲ್ಲಿ ನಾಲ್ಕೇ ಕ್ಲಬ್ಬುಗಳು ಸೇರಿ, ಒಂದೇ ದಿನದಲ್ಲಿ ಆಡಿ ಮುಗಿಸಿದ ಸ್ಪರ್ಧೆಯಲ್ಲಿ ಜಿನೋವಾ ಗಳಿಸಿದ ಮೊದಲ ಪಟ್ಟವೂ, ಈಗ ಇಪ್ಪತ್ತು ತಂಡಗಳು ವರ್ಷದ ಒಂಬತ್ತು ತಿಂಗಳು ಸೆಣಸಿ ಗೆಲ್ಲುವ ಪಟ್ಟವೂ ಪುಸ್ತಕದಲ್ಲಿ ಒಂದೊಂದೇ. ಗೆಲುವಿಗೆ ಎರಡು ಪಾಯಿಂಟುಗಳಿದ್ದ ಕಾಲ 1994ಕ್ಕೆ ಕೊನೆಗೊಂಡು ಮೂರು ಪಾಯಿಂಟುಗಳ ಕಾಲ ಬಂದಿತು. ಆದುದರಿಂದ 2013–14ರಲ್ಲಿ ಯುವೆಂಟಸ್ ಗಳಿಸಿದ 102 ಪಾಯಿಂಟುಗಳನ್ನು, 1991–92ರಲ್ಲಿ ಒಂದು ಪಂದ್ಯವನ್ನೂ ಸೋಲದ ಮಿಲಾನ್ ಗಳಿಸಿದ 56ರ ಪಕ್ಕದಲ್ಲಿಟ್ಟು ತೂಗುವುದು ವ್ಯರ್ಥ. ಕೊಳಗ ಬದಲಾದ ಮೇಲೆ ರಾಶಿಯ ಲೆಕ್ಕವೂ ಬದಲಾಗಲೇಬೇಕು. ಭತ್ತ ಮಾತ್ರ ಎಷ್ಟಿತ್ತೋ ಅಷ್ಟೇ ಇರುವುದು. ವೇದಾಂತಿಗಳು ವ್ಯಾವಹಾರಿಕ ಸತ್ಯವೆಂದು ಯಾವುದನ್ನು ಕರೆದರೋ, ದಾಖಲೆಯ ಸಂಖ್ಯೆ ಆ ಜಾತಿಗೆ ಸೇರಿದುದು. ಅದು ಮಿಥ್ಯೆಯಲ್ಲ, ಅದರಿಂದ ಲೋಕದ ಕೆಲಸ ನಡೆಯುತ್ತದೆ. ಆದರೆ ಅದರ ಅಸ್ತಿತ್ವವೆಲ್ಲ ಜನರು ಮಾಡಿಕೊಂಡ ಕಟ್ಟಳೆಯ ಆಶ್ರಯದಲ್ಲಿದೆ.

ಸಂಖ್ಯೆ ಒಂದೇ ಆಗಿದ್ದು ಕೃತಿ ಬೇರೆಯಾಗಿರಬಲ್ಲುದೆಂಬುದಕ್ಕೆ ಇಟಲಿಯ ಪುಸ್ತಕದಲ್ಲಿ ಒಂದು ಸ್ವಾರಸ್ಯವಾದ ನಿದರ್ಶನವಿದೆ. ಸೀರಿ ಎ ಯ ಒಂದೇ ಪಂದ್ಯದಲ್ಲಿ ಆರು ಗೋಲುಗಳನ್ನು ಹೊಡೆದವರು ಇಬ್ಬರೇ. 1933ರ ಅಕ್ಟೋಬರ್ 29ರಂದು ಫಿಯೊರೆಂಟೀನ ತಂಡದ ಎದುರು, ಇಪ್ಪತ್ತರ ತರುಣನಾಗಿದ್ದ ಪಿಯೋಲ ಮೊದಲು ಈ ಸಾಹಸ ಮಾಡಿದನು. 1961ರ ಜೂನ್ 10ರಂದು ಯುವೆಂಟಸ್ಸಿನ ಓಮರ್ ಸಿವೊರಿ ಇಂಟರ್ ವಿರುದ್ಧ ಅದೇ ಆರನ್ನು ಮುಟ್ಟಿದನು. ಪಂದ್ಯದ ಫಲಿತಾಂಶ 9–1. ಆದರೆ ಆ ದಿನ ಬಯಲಿಗಿಳಿದ ಇಂಟರ್ ನಿಜವಾದ ಇಂಟರ್ ಆಗಿರಲಿಲ್ಲ. ಏಪ್ರಿಲ್ ತಿಂಗಳಲ್ಲಿ ಜನಸಂದಣಿ ಬಯಲಿನ ಅಂಚಿಗೆ ನುಗ್ಗಿ ನಿಂತುಹೋದ ಪಂದ್ಯದ ಜಯ ಮೊದಲು ಇಂಟರ್‌ಗೆ ಸಂದು, ಆಮೇಲೆ ಮೇಲ್ಮನವಿಯಲ್ಲಿ ಆ ತೀರ್ಪು ರದ್ದಾಗಿ, ಪಂದ್ಯವನ್ನು ಮತ್ತೆ ಆಡಬೇಕೆಂದು ಆಜ್ಞೆಯಾಗಿತ್ತು. ಯುವೆಂಟಸ್ಸಿನ ಅಧ್ಯಕ್ಷನಾಗಿದ್ದ ಉಂಬರ್ತೊ ಆನ್ಯೆಲ್ಲಿಯೇ ಆಗ ಫೆಡರೇಷನ್ನಿನ ಅಧ್ಯಕ್ಷನೂ ಆಗಿದ್ದನು. ಇದನ್ನು ಪ್ರತಿಭಟಿಸಲು ಇಂಟರ್ ತನ್ನ ಹುಡುಗರ ತಂಡವನ್ನೇ ಕಳುಹಿಸಿತು. ಹೀಗೆ ಪ್ರೌಢರನ್ನು ಎದುರಿಸಿ ಹೊಡೆದ ಆರೂ, ಎಳೆಯರ ಮೇಲೆ ಸುರಿದ ಆರೂ ಪುಸ್ತಕದ ಒಂದೇ ಸಾಲಿನಲ್ಲಿ ಸಮಾನ ಗೌರವದಿಂದ ಕುಳಿತಿವೆ. ಸಿವೊರಿ ಸಾಮಾನ್ಯನಲ್ಲ, ಆ ವರ್ಷದ ಯುರೋಪಿನ ಶ್ರೇಷ್ಠ ಆಟಗಾರನೆಂಬ ಗೌರವ ಆತನಿಗೇ ಸಂದಿತು. ಆದರೂ ಆ ದಿನದ ಆರು ಗೋಲುಗಳು ಆತನ ಯೋಗ್ಯತೆಗೆ ಏನನ್ನೂ ಕೂಡಿಸಲಿಲ್ಲ.

ಇನ್ನು ಮುಂದಕ್ಕೆ ಹೋಗೋಣ. ಕ್ಷಣಕ್ಷಣಕ್ಕೂ ಎಲ್ಲವೂ ನಾಶವಾಗುವುದೆಂಬ ವಾದದ ಮೇಲೆ ನಮ್ಮ ಆಸ್ತಿಕ ದರ್ಶನಕಾರರು ಎರಡು ದೋಷಗಳನ್ನು ಹೊರಿಸಿದರು: ಒಂದು ಕೃತನಾಶ, ಎಂದರೆ ಮಾಡಿದುದರ ಫಲ ಮಾಡಿದವನಿಗೆ ಸಲ್ಲದೆ ಹೋಗುವುದು, ಇನ್ನೊಂದು ಅಕೃತಾಭ್ಯಾಗಮ, ಎಂದರೆ ಮಾಡದುದರ ಫಲ ಮಾಡದವನಿಗೆ ಬಂದೊದಗುವುದು. ಮಾಡಿದವನು ಮರುಕ್ಷಣದಲ್ಲಿ ಇಲ್ಲವಾದರೆ ಫಲವನ್ನು ಉಣ್ಣುವವನು ಬೇರೊಬ್ಬನೇ ಆಗಬೇಕಲ್ಲವೆ ಎಂಬುದು ಅವರ ಆಕ್ಷೇಪ. ದರ್ಶನಗಳಲ್ಲಿ ತರ್ಕದೋಷಗಳಾಗಿರುವ ಇವೆರಡೂ ಲೋಕದ ದಾಖಲೆಗಳಲ್ಲಿ ನಿತ್ಯದ ಘಟನೆಗಳು.

1944ರ ಬೇಸಗೆಯಲ್ಲಿ, ಉತ್ತರ ಇಟಲಿ ಜರ್ಮನರ ವಶದಲ್ಲಿದ್ದಾಗ, ಯುದ್ಧದ ನಡುವೆಯೇ ಒಂದು ಚಾಂಪಿಯನ್‌ಷಿಪ್ ನಡೆಯಿತು. ಸ್ಪೆತ್ಸಿಯ ಎಂಬ ಬಂದರಿನ ಆಟಗಾರರು ಅಗ್ನಿಶಾಮಕ ದಳಕ್ಕೆ ಸೇರಿಕೊಂಡು, ಆ ದಳದ ಹೆಸರಿನಲ್ಲಿಯೇ ಆಡಿ, ಕೊನೆಯ ಮೂರು ತಂಡಗಳ ಸುತ್ತಿಗೆ ಬಂದರು. ಎದುರಿಗಿದ್ದುದು ಆ ಕಾಲದ ಅಜೇಯವೆನಿಸಿದ ಟೊರಿನೊ. ವಾಲೆಂತೀನೊ ಮಾತ್ಸೋಲನೂ, ಯುದ್ಧದ ಕಾರಣ ಆ ವರ್ಷ ಅಲ್ಲಿ ಆಡುತ್ತಿದ್ದ ಪಿಯೋಲನೂ ಅದರಲ್ಲಿದ್ದರು. ಜುಲೈ 16ರಂದು ಮಿಲಾನಿನ ಅರೇನಾದಲ್ಲಿ ಬೆಂಕಿ ಆರಿಸುವವರ ತಂಡ ಟೊರಿನೊವನ್ನು 2–1ರಿಂದ ಸೋಲಿಸಿ ಪ್ರಥಮಸ್ಥಾನವನ್ನು ಪಡೆಯಿತು. ಆದರೆ ಯುದ್ಧಕಾಲದ ಆ ಸ್ಪರ್ಧೆಗೆ ಚಾಂಪಿಯನ್ ಪಟ್ಟದ ಮಾನ್ಯತೆ ದೊರೆಯಲಿಲ್ಲ. ಐವತ್ತೆಂಟು ವರ್ಷಗಳ ಮೇಲೆ, 2002ರಲ್ಲಿ, ಫೆಡರೇಷನ್ ಒಂದು ಗೌರವಪದವಿಯನ್ನು ಸ್ಪೆತ್ಸಿಯಕ್ಕೆ ಕೊಟ್ಟಿತು. ಅದು ಸ್ಕುದೆತ್ತೊಗೆ ಸಮಾನವಲ್ಲ. ಕೃತನಾಶಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಏಕೆ ಬೇಕು? 2006ರಲ್ಲಿ ಇಂಟರ್‌ಗೆ ಸಂದ ಪಟ್ಟವೋ ಅಕೃತಾಭ್ಯಾಗಮಕ್ಕೆ ಅಷ್ಟೇ ಸಮೀಪದ ಉದಾಹರಣೆ: ಬಯಲಿನ ಲೆಕ್ಕದಲ್ಲಿ ಮೂರನೆಯ ಸ್ಥಾನದಲ್ಲಿದ್ದ ತಂಡ, ಮೇಲಿನವರು ಶಿಕ್ಷೆಗೆ ಗುರಿಯಾದುದರಿಂದ, ಒಂದು ದಿನ ನ್ಯಾಯಮಂಡಲಿಯ ಬಾಗಿಲಲ್ಲಿ ಚಾಂಪಿಯನ್ ಆಯಿತು.

ಇಲ್ಲಿಗೆ ಸಂನ್ಯಾಸಿಗಳ ಪಂಕ್ತಿಗೆ ಹೋಗುವ ಸಮಯ ಬಂದಿತು. ರವೆನ್ನಾ ನಗರದಲ್ಲಿ 1007ರಲ್ಲಿ ಹುಟ್ಟಿ, ಫೋಂತೆ ಅವೆಲ್ಲಾನದ ಮಠದ ಮುಖ್ಯನಾಗಿ, ಕಾರ್ಡಿನಲ್ ಪದವಿಗೇರಿ, ವಿರಕ್ತಿಗೂ ಕಟುನುಡಿಗೂ ಹೆಸರಾಗಿದ್ದ ಪಿಯೆರ್ ದಾಮಿಯಾನಿ ಎಂಬ ಸಂತನು ಮೊಂತೆ ಕಸ್ಸೀನೊ ಮಠದ ಅಧಿಪತಿಯಾದ ದೆಸಿದೇರಿಯೊ ಎಂಬವನೊಡನೆ ಊಟಕ್ಕೆ ಕುಳಿತಿದ್ದಾಗ, ಹಳೆಯ ಆಚಾರ್ಯನಾದ ಜೆರೋಮನ ವಾಕ್ಯವೊಂದು ಪ್ರಸ್ತಾಪಕ್ಕೆ ಬಂದಿತು. ದೇವರು ಸರ್ವಶಕ್ತನಾದರೂ ಕನ್ಯಾವ್ರತದಿಂದ ಒಮ್ಮೆ ಜಾರಿದವಳನ್ನು ಮತ್ತೆ ಜಾರದವಳನ್ನಾಗಿ ಮಾಡಲಾರನೆಂಬುದು ಆ ವಾಕ್ಯದ ಭಾವ. ದೆಸಿದೇರಿಯೊ ಅದನ್ನು ಒಪ್ಪಿದನು, ದಾಮಿಯಾನಿ ಒಪ್ಪಲಿಲ್ಲ. ಆಮೇಲೆ ಬರೆದ ದೀರ್ಘವಾದ ಪತ್ರದಲ್ಲಿ, ದೇವರಿಗೆ ನಿನ್ನೆ ನಾಳೆಗಳಿಲ್ಲ, ಆತನ ನಿತ್ಯವರ್ತಮಾನದಲ್ಲಿ ಸಕಲ ಕಾಲವೂ ಏಕಕಾಲದಲ್ಲಿ ಸನ್ನಿಹಿತವಾಗಿದೆ, ಆದುದರಿಂದ ಭೂತಕಾಲವೆಂಬ ಬೇಲಿಯನ್ನು ಆತನ ಶಕ್ತಿಗೆ ಹಾಕುವುದು ತಾರ್ಕಿಕರ ಅಹಂಕಾರ ಎಂಬ ಅಭಿಪ್ರಾಯವನ್ನು ಪ್ರತಿಪಾದಿಸಿದನು. ಸುಮಾರು ಎರಡು ಶತಮಾನಗಳ ಮೇಲೆ ಇಟಲಿಯವನೇ ಆದ ತೊಮ್ಮಾಸೊ ಅಕ್ವಿನಾಸನು ಈ ಗಂಟನ್ನು ಬೇರೆ ವಿಧವಾಗಿ ಬಿಡಿಸಿದನು. ಆದುದು ಆಗಲಿಲ್ಲವೆನ್ನುವುದು ಸ್ವವಿರೋಧ. ಸ್ವವಿರೋಧವಾದುದು ಮಾಡತಕ್ಕ ವಸ್ತುವೇ ಅಲ್ಲವಾದುದರಿಂದ ಅದನ್ನು ಮಾಡದಿರುವುದು ದೇವರ ಶಕ್ತಿಗೆ ಕುಂದಲ್ಲ. ಪತಿತನ ಕಲ್ಮಷವನ್ನೆಲ್ಲ ದೇವರು ತೊಳೆಯಬಲ್ಲನು. ಪತಿತನಾಗಿದ್ದನೆಂಬುದನ್ನು ಮಾತ್ರ ತೊಳೆಯುವುದಿಲ್ಲ. ಅಕ್ವಿನಾಸನ ಈ ವಿವೇಚನೆ ನನಗೆ ನಿರುತ್ತರವಾಗಿ ತೋರುತ್ತದೆ.

ಇದನ್ನು ಹಿಡಿದುಕೊಂಡು ಮತ್ತೆ 2006ರ ತೀರ್ಪನ್ನು ನೋಡಿದರೆ ಒಂದು ಗಮನಾರ್ಹವಾದ ಅಂಶ ಗೋಚರವಾಗುವುದು. ನ್ಯಾಯಮಂಡಲಿ ಪಟ್ಟಗಳನ್ನು ಕಿತ್ತುಕೊಂಡಿತು. ಆದರೆ ಆ ಎರಡು ಋತುಗಳ ಪಂದ್ಯಗಳನ್ನು ನಡೆಯಲಿಲ್ಲವೆಂದು ಅದು ಸಾರಲಿಲ್ಲ. ಆ ಪಂದ್ಯಗಳಲ್ಲಿ ಬಿದ್ದ ಗೋಲುಗಳು ಹೊಡೆದವರ ಖಾತೆಯಲ್ಲಿ ಈಗಲೂ ಇವೆ. ಗೋಲ್‌ಕೀಪರ್ ಜಾನ್‌ಲುಯಿಜಿ ಬುಫೊನ್ ಆಡಿದ ಸೀರಿ ಎ ಪಂದ್ಯಗಳು 657. 2020ರ ಜುಲೈ 4ರಂದು ಆತನು ಪಾವೊಲೊ ಮಾಲ್ದೀನಿಯ 647ನ್ನು ದಾಟಿ ಈ ದಾಖಲೆಯ ಒಡೆಯನಾದನು. ಅಳಿಸಿಹೋದ ಎರಡು ಪಟ್ಟಗಳ ಋತುಗಳಲ್ಲಿ ಆತನು ಯುವೆಂಟಸ್ಸಿನ ಗೋಲಿನಲ್ಲಿ ನಿಂತ ಪಂದ್ಯಗಳೂ ಆ ಮೊತ್ತದಲ್ಲಿ ಸೇರಿಯೇ ಇವೆ. ಪುಸ್ತಕವು ಒಂದು ಪುಟದಲ್ಲಿ ಯಾವುದನ್ನು ಇಲ್ಲವೆಂದಿತೋ ಇನ್ನೊಂದು ಪುಟದಲ್ಲಿ ಅದನ್ನು ಉಂಟೆನ್ನುತ್ತಿದೆಯೆಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ನಿಲ್ಲದು. ಇಲ್ಲವಾದುದು ಫಲ, ಉಳಿದುದು ಕೃತಿ. ಫಲವು ಕೊಡುವವರ ಅಧೀನ, ಆದುದರಿಂದ ಅದನ್ನು ಕೊಟ್ಟವರು ಹಿಂದಕ್ಕೂ ಪಡೆಯಬಲ್ಲರು. ಕೃತಿಯನ್ನು ಯಾರೂ ಕೊಟ್ಟುದಲ್ಲ. ಅದನ್ನು ಹಿಂದಕ್ಕೆ ಪಡೆಯುವವರೂ ಯಾರೂ ಇಲ್ಲ. ಇದರಿಂದ ಕ್ಲಬ್ಬಿನ ಪಕ್ಷ ಗೆದ್ದಿತೆಂದು ತಿಳಿಯಬಾರದು. ಬಯಲಿನ ಆಟ ಅಳಿಯದಂತೆಯೇ ತೆರೆಯ ಹಿಂದಿನ ಆ ಸಂಭಾಷಣೆಗಳೂ ಅಳಿಯವು. ಗೆದ್ದುದನ್ನು ಅಳಿಸಬಾರದೆಂದು ವಾದಿಸುವವನು ಗೆಲುವಿಗೆ ಅಂಟಿಕೊಂಡ ಕಲೆಯೂ ಅಳಿಯದೆಂಬುದಕ್ಕೆ ಅದೇ ಉಸಿರಿನಲ್ಲಿ ಒಪ್ಪಿಗೆ ಕೊಟ್ಟಂತಾಯಿತು.

ಹಾಗಾದರೆ ಪ್ರಾಯಶ್ಚಿತ್ತಕ್ಕೆ ಅರ್ಥವೇನು? ಈ ಪ್ರಶ್ನೆಗೆ ಉತ್ತರವನ್ನು ನಮ್ಮ ನೆಲದ ಗ್ರಂಥವೊಂದು ಬಹು ಸೂಕ್ಷ್ಮವಾಗಿ ಹೇಳಿದೆ. ದಾಮಿಯಾನಿ ತೀರಿಕೊಂಡ ಕೆಲವು ದಶಕಗಳಲ್ಲಿಯೇ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾದ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದನು. ತಿಳಿಯದೆ ಮಾಡಿದ ಪಾಪ ಪ್ರಾಯಶ್ಚಿತ್ತದಿಂದ ನೀಗುವುದು. ತಿಳಿದು ಮಾಡಿದವನೋ ಪ್ರಾಯಶ್ಚಿತ್ತದಿಂದ ಜನರೊಡನೆ ವ್ಯವಹರಿಸಲು ಯೋಗ್ಯನಾಗುವನು, ಅಷ್ಟೆ, ಎಂಬುದು ಸ್ಮೃತಿಯ ಆಶಯ. ಪಾಪಕ್ಕೆ ಎರಡು ಶಕ್ತಿಗಳುಂಟು, ನರಕಕ್ಕೆ ಒಯ್ಯುವುದು ಒಂದು, ಸಮಾಜದ ಸಂಪರ್ಕದಿಂದ ದೂರವಿರಿಸುವುದು ಇನ್ನೊಂದು. ಮೊದಲನೆಯದು ಅಡಗದಿದ್ದರೂ ಎರಡನೆಯದು ಅಡಗಬಹುದು ಎಂದು ವಿಜ್ಞಾನೇಶ್ವರನು ವಿಭಾಗಿಸಿದನು. ಒಂದು ವರ್ಷ ಸೀರಿ ಬಿ ಯಲ್ಲಿ ಆಡಿ 2007ರಲ್ಲಿ ಯುವೆಂಟಸ್ ಮೇಲಿನ ದರ್ಜೆಗೆ ಮರಳಿದುದು ಈ ಅರ್ಥದಲ್ಲಿ ವ್ಯವಹಾರಯೋಗ್ಯತೆಯ ಮರುಪ್ರಾಪ್ತಿ. ಆ ಪ್ರಾಯಶ್ಚಿತ್ತವನ್ನು ನೆರವೇರಿಸಿದವರು ಅಪರಾಧ ಮಾಡಿದ ಆಡಳಿತಗಾರರಲ್ಲ, ಆಟಗಾರರು. 2006ರ ಜುಲೈಯಲ್ಲಿ ವಿಶ್ವಕಪ್ಪನ್ನು ಎತ್ತಿಹಿಡಿದ ಬುಫೊನ್ ಮತ್ತು ಅಲೆಸ್ಸಾಂದ್ರೊ ದೆಲ್ ಪಿಯೆರೊ ಕೆಲವೇ ವಾರಗಳಲ್ಲಿ ಎರಡನೆಯ ದರ್ಜೆಯ ಬಯಲುಗಳಿಗೆ ಇಳಿದರು. ಬುಫೊನನ 657ರಲ್ಲಿ ಆ ವರ್ಷದ ಒಂದು ಪಂದ್ಯವೂ ಸೇರಿಲ್ಲ. ಕಳಂಕಿತವಾದ ಋತುಗಳು ಎಣಿಕೆಗೆ ಸಂದು, ನಿಷ್ಠೆಯಿಂದ ಆಡಿದ ಋತು ಎಣಿಕೆಯಿಂದ ಹೊರಗುಳಿದುದು ಸಂಖ್ಯೆಯ ಕುರುಡುತನಕ್ಕೆ ಸಾಕಾದಷ್ಟು ಪ್ರಮಾಣ.

ದಾಖಲೆಗಳು ನಿಲ್ಲುವುವೇ ಮುರಿಯುವುದಕ್ಕಾಗಿ ಎಂಬ ಲೋಕೋಕ್ತಿಯನ್ನು ಆಟಗಳ ಪತ್ರಿಕೆಗಳಲ್ಲಿ ನಾವು ಎಷ್ಟೋ ಸಲ ಓದಿದ್ದೇವೆ. ಅನಿತ್ಯತೆಯ ಪಾಠಕ್ಕೆ ಆ ಪುಸ್ತಕದಲ್ಲಿ ಬರವಿಲ್ಲ. ಮಿಲಾನಿನ ಸೆಬಾಸ್ತಿಯಾನೊ ರೊಸ್ಸಿ 1993–94ರಲ್ಲಿ 929 ನಿಮಿಷಗಳ ಕಾಲ ಗೋಲು ಬೀಳದಂತೆ ಕಾಪಾಡಿದ ದಾಖಲೆಯನ್ನು, 2016ರ ಮಾರ್ಚ್ 20ರಂದು ಬುಫೊನ್ ಪಂದ್ಯದ ಮೊದಲ ನಿಮಿಷಗಳಲ್ಲೇ ಮುರಿದನು. ಅದೇ ಪಂದ್ಯದ ಉತ್ತರಾರ್ಧದ ಆರಂಭದಲ್ಲಿ ಟೊರಿನೊದ ಬೆಲೊತ್ತಿ ಪೆನಾಲ್ಟಿಯಿಂದ ಗೋಲು ಹೊಡೆಯಲು, ಹೊಸ ದಾಖಲೆ 974 ನಿಮಿಷಗಳಿಗೆ ನಿಂತಿತು. 58 ಲೀಗ್ ಪಂದ್ಯಗಳಲ್ಲಿ ಸೋಲನ್ನೇ ಕಾಣದ ಮಿಲಾನ್ 1993ರ ಮಾರ್ಚ್ 21ರಂದು ತನ್ನ ಬಯಲಿನಲ್ಲಿಯೇ ಪಾರ್ಮಾದ ಆಸ್ಪ್ರಿಯನ ಒಂದು ಫ್ರೀ ಕಿಕ್ಕಿಗೆ ಸೋತಿತು. ಆದರೆ ದಾಖಲೆ ಮುರಿದಾಗ ಮುರಿಯುವುದೇನು? ರೊಸ್ಸಿಯ 929 ನಿಮಿಷಗಳಲ್ಲಿ ಒಂದಾದರೂ ಕಡಿಮೆಯಾಯಿತೆ? ಅಧಿಕವೆಂಬ ವಿಶೇಷಣ ಮಾತ್ರ ಆತನನ್ನು ಬಿಟ್ಟುಹೋಯಿತು. ಅದು ಎಂದೂ ಆತನ ಸ್ವಂತದ್ದಾಗಿರಲಿಲ್ಲ, ಇತರರ ನ್ಯೂನತೆಯಿಂದ ಎರವಲು ಬಂದುದಾಗಿತ್ತು.

ಇಟಲಿಯ ಪ್ರಸಿದ್ಧ ಆಟಗಾರರಲ್ಲಿ ಬೌದ್ಧಮತವನ್ನು ಸ್ವೀಕರಿಸಿದವನೊಬ್ಬನಿದ್ದಾನೆ. ಆತನು ರೊಬೆರ್ತೊ ಬಾಜ್ಜೊ. ಮೊಣಕಾಲಿನ ಗಾಯಗಳಿಂದ ಪದೇಪದೇ ನರಳಿಯೂ 205 ಸೀರಿ ಎ ಗೋಲುಗಳನ್ನು ಹೊಡೆದು, 1993ರಲ್ಲಿ ಯುರೋಪಿನ ಶ್ರೇಷ್ಠ ಆಟಗಾರನೆನಿಸಿದ ಈತನನ್ನು ಜಗತ್ತು ಬಹುಮಟ್ಟಿಗೆ ಜ್ಞಾಪಿಸಿಕೊಳ್ಳುವುದು 1994ರ ಜುಲೈ 17ರಂದು ಪಸಡೀನದ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಗೋಲಿನ ಮೇಲೆ ಹಾರಿಹೋದ ಒಂದು ಪೆನಾಲ್ಟಿಗಾಗಿ. ಎಲ್ಲವೂ ಕ್ಷಣಿಕವೆನ್ನುವ ಬೌದ್ಧರು ಕರ್ಮವನ್ನು ಮಾತ್ರ ಅಲ್ಲಗಳೆಯಲಿಲ್ಲ. ಮಾಡುವವನಾದ ನಿತ್ಯಾತ್ಮನಿಲ್ಲದಿದ್ದರೂ ಮಾಡಿದುದರ ಸಂಸ್ಕಾರ ಪ್ರವಾಹರೂಪವಾಗಿ ಮುಂದುವರಿಯುವುದೆಂದರು. ಆ ಒಂದು ಒದೆತವನ್ನು 205 ಗೋಲುಗಳು ಅಳಿಸಲಾರವು. 205 ಗೋಲುಗಳನ್ನು ಆ ಒಂದು ಒದೆತವೂ ಅಳಿಸಲಾರದು. ಜನರ ಸ್ಮರಣೆ ಪಕ್ಷಪಾತಿಯಾದರೂ ಕಾಲ ಪಕ್ಷಪಾತಿಯಲ್ಲ.

ಮರಣದ ಮುಂದೆ ಈ ಮಾತು ನಿಲ್ಲುವುದೆ ಎಂದು ಪರೀಕ್ಷಿಸಬೇಕಾದರೆ ಟ್ಯೂರಿನ್ನಿನ ಸಮೀಪದ ಸುಪೆರ್ಗ ಬೆಟ್ಟವನ್ನು ನೆನೆಯಬೇಕು. 1947–48ರ ನಲವತ್ತು ಪಂದ್ಯಗಳಲ್ಲಿ 125 ಗೋಲುಗಳನ್ನು ಹೊಡೆದ ಟೊರಿನೊ ತಂಡ, ಮರುವರ್ಷವೂ ಅಗ್ರಸ್ಥಾನದಲ್ಲಿದ್ದು, ಲಿಸ್ಬನ್ನಿನಲ್ಲಿ ಒಂದು ಸ್ನೇಹಪಂದ್ಯವನ್ನಾಡಿ ಹಿಂದಿರುಗುತ್ತಿದ್ದಾಗ, 1949ರ ಮೇ 4ರಂದು ಮಂಜು ಮುಸುಕಿದ ಸಂಜೆಯಲ್ಲಿ ಅವರ ವಿಮಾನ ಬೆಟ್ಟದ ಮೇಲಿನ ದೇವಾಲಯದ ಹಿಂಭಾಗಕ್ಕೆ ಅಪ್ಪಳಿಸಿತು. ಹದಿನೆಂಟು ಮಂದಿ ಆಟಗಾರರೂ ಸೇರಿ ಮೂವತ್ತೊಂದು ಜನ ಮಡಿದರು. ಉಳಿದ ನಾಲ್ಕು ಪಂದ್ಯಗಳಿಗೆ ಟೊರಿನೊ ತನ್ನ ಕಿರಿಯರ ತಂಡವನ್ನು ಇಳಿಸಿತು. ಎದುರಾಳಿಗಳೂ ಸಮತೆಗಾಗಿ ತಮ್ಮ ಕಿರಿಯರನ್ನೇ ಇಳಿಸಿದರು. ಹನ್ನೆರಡು ವರ್ಷಗಳ ಮೇಲೆ ಸಿವೊರಿಯ ಎದುರು ಹುಡುಗರು ನಿಂತುದು ಮುನಿಸಿನಿಂದ. ಇಲ್ಲಿ ನಿಂತುದು ಧರ್ಮದಿಂದ. ಆ 9–1ರ ಪಂದ್ಯದಲ್ಲಿ ಇಂಟರ್ ಪರವಾಗಿ ಒಂದೇ ಒಂದು ಗೋಲನ್ನು ಹೊಡೆದ ಹುಡುಗ ಸಾಂದ್ರೊ ಮಾತ್ಸೋಲ, ಸುಪೆರ್ಗದಲ್ಲಿ ಮಡಿದ ನಾಯಕ ವಾಲೆಂತೀನೊ ಮಾತ್ಸೋಲನ ಮಗ. ಪ್ರತಿವರ್ಷ ಮೇ 4ರಂದು ಟೊರಿನೊ ತಂಡದ ನಾಯಕನು ಆ ಬೆಟ್ಟಕ್ಕೆ ಹೋಗಿ ಮಡಿದವರ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಾನೆ. ಅವರ ಗೋಲುಗಳ ಸಂಖ್ಯೆಯನ್ನು ಓದುವುದಿಲ್ಲ. ಮಾಡಿದವರು ಹೋದರೂ ಮಾಡಿದುದು ಹೋಗಲಿಲ್ಲವೆಂಬ ನಂಬಿಕೆಗೆ ಸಂಖ್ಯೆಯ ಆಧಾರ ಬೇಡವೆಂದು ಆ ಜನ ತಿಳಿದಿದ್ದಾರೆ.

ಫಲವಿಲ್ಲದ ಕೃತಿಗೂ ಗೌರವವುಂಟೆಂಬುದಕ್ಕೆ ಕೊನೆಯದಾಗಿ ಒಂದು ದೃಷ್ಟಾಂತ. 1978–79ರಲ್ಲಿ ಪೆರೂಜಾ ಎಂಬ ಸಣ್ಣ ನಗರದ ತಂಡ ಮೂವತ್ತು ಪಂದ್ಯಗಳನ್ನಾಡಿ ಒಂದನ್ನೂ ಸೋಲಲಿಲ್ಲ. ಹನ್ನೊಂದನ್ನು ಗೆದ್ದು ಹತ್ತೊಂಬತ್ತನ್ನು ಸಮಮಾಡಿಕೊಂಡಿತು. ಪಟ್ಟ ಮಾತ್ರ ಮೂರು ಪಾಯಿಂಟುಗಳ ಅಂತರದಿಂದ ಮಿಲಾನಿನ ಪಾಲಾಯಿತು. ಯಾರಿಗೂ ಸೋಲದೆಯೂ ಗೆಲ್ಲದ ಆ ತಂಡದ ಆಟಗಾರರಿಗೆ ಎದೆಯ ಮೇಲಿನ ಲಾಂಛನ ದೊರೆಯಲಿಲ್ಲ. ಆ ಮೂವತ್ತು ಪಂದ್ಯಗಳನ್ನು ಅವರಿಂದ ಕಸಿದುಕೊಳ್ಳುವ ನ್ಯಾಯಮಂಡಲಿಯೂ ಹುಟ್ಟಲಾರದು. ಕರ್ಮದಲ್ಲಿ ನಿನಗೆ ಅಧಿಕಾರ, ಫಲದಲ್ಲಿಲ್ಲ ಎಂದು ಭಗವಂತನು ಅರ್ಜುನನಿಗೆ ಉಪದೇಶಿಸಿದುದನ್ನು ನಾವು ಸಾಮಾನ್ಯವಾಗಿ ವೈರಾಗ್ಯದ ಮಾತೆಂದು ತಿಳಿಯುತ್ತೇವೆ. ಅದು ಸ್ವತ್ತಿನ ನಿರ್ಣಯವೂ ಹೌದು: ಯಾವುದು ನಿಜವಾಗಿ ನಮ್ಮದು, ಯಾವುದು ಪರರ ಕೈಯಲ್ಲಿರುವುದು ಎಂಬುದನ್ನು ಆ ಉಪದೇಶ ಗೊತ್ತುಮಾಡಿಕೊಡುತ್ತದೆ.

ಆದುದರಿಂದ ನನ್ನ ನಿರ್ಣಯ ಇಷ್ಟು. ಪಟ್ಟ, ನಕ್ಷತ್ರ, ಅಗ್ರಸ್ಥಾನ ಇವೆಲ್ಲ ಫಲಗಳು. ಇವನ್ನು ಕೊಡಬಹುದು, ಕೀಳಬಹುದು, ಮರೆಯಬಹುದು, ಐವತ್ತು ವರ್ಷಗಳ ಮೇಲೆ ಅರೆಮನಸ್ಸಿನಿಂದ ಹಿಂದಿರುಗಿಸಲೂಬಹುದು. ಕೃತಿಯಾದರೋ, ಒಳ್ಳೆಯದಿರಲಿ ಕೆಟ್ಟದ್ದಿರಲಿ, ಒಮ್ಮೆ ಸಂದಿತೆಂದರೆ ಮನುಷ್ಯರ ಕಚೇರಿಗೂ ದೇವರ ಸಂಕಲ್ಪಕ್ಕೂ ಹೊರಗಾದ ಒಂದು ಸ್ಥೈರ್ಯವನ್ನು ಪಡೆಯುತ್ತದೆ. ದೇವರ ಕ್ಷಮೆ ಮಾಡಿದವನನ್ನು ಶುದ್ಧಗೊಳಿಸುವುದು, ಮಾಡಿದುದನ್ನು ಇಲ್ಲವಾಗಿಸುವುದಲ್ಲ. ಇಲ್ಲವಾಗಿಸುವುದಾಗಿದ್ದರೆ ಕ್ಷಮಿಸುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಈ ಸಿದ್ಧಾಂತ ದುಷ್ಕೃತ್ಯ ಮಾಡಿದವನಿಗೆ ಕಠಿನವಾದುದು, ಸತ್ಕೃತ್ಯ ಮಾಡಿ ಮನ್ನಣೆ ಪಡೆಯದವನಿಗೆ ಪರಮ ಆಶ್ವಾಸನೆಯಾದುದು. ತನ್ನ ಕೆಲಸ ಯಾವ ಪುಸ್ತಕದಲ್ಲಿಯೂ ದಾಖಲಾಗಲಿಲ್ಲವೆಂದು ಕೊರಗುವ ವಾಚಕರು ಯಾರಾದರೂ ಇದ್ದರೆ, ಅವರು ಪುಸ್ತಕದ ಚಿಂತೆಯನ್ನು ಬಿಟ್ಟು ಕೆಲಸದ ಶುದ್ಧಿಯೊಂದನ್ನೇ ನೋಡಿಕೊಳ್ಳಲಿ. ಶುದ್ಧವಾಗಿ ಮಾಡಿದುದು ಮಾಡಿದ ಕ್ಷಣದಲ್ಲಿಯೇ ಶಾಶ್ವತವಾಗಿದೆ.